ಸಸ್ತಾ ಕೇಸ್

"ಕೇಸಿಗೆ ಹಾಕಿದ ರೊಕ್ಕ ನೀರಾಗ ಹಾಕಿದಂಗಲೇ ಶಿವಾಜಿ. ಸಸ್ತಾದಾಗ ಮುಗಿಸಿಬಿಡೂಣು. ಎರಡ ವರ್ಷ ಆತು ಇದರ ಹಿಂದ ಬಿದ್ದ, ನನಗೂ ಸಾಕಾಗೇತಿ."

ಗೌತಮ ಗೆಳೆಯನಿಗೆ ಫೋನಿನಲ್ಲಿ ಹೇಳಿದ ಈ ಮಾತು, ಅರಕೇರಿಯ ಮನೆಯ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದ ಅವನ ತಾಯಿ ಪರಸವ್ವನ ಕಿವಿಗೆ ಬಿತ್ತು. ಅವಳ ಕೈ ನಿಂತಿತು. ಅವಳಿಗೆ ಗೊತ್ತಿದ್ದದ್ದು ಒಂದೇ ಕೇಸು. ಮಗಳು ವಿಶಾಖಾ ತಿಕೋಟಾದ ಗಂಡನ ಮನೆಯಲ್ಲಿ ಬಾವಿಗೆ ಬಿದ್ದು ಸತ್ತು ಎರಡು ವರ್ಷವಾಗಿತ್ತು. ಕಾಲು ಜಾರಿತು ಅಂತ ಅವರು, ದೂಡಿದರು ಅಂತ ಇವರು. ಸಾಯುವ ಹಿಂದಿನ ದಿನ ಅವಳು ಪರಸವ್ವನಿಗೆ ಫೋನ್ ಮಾಡಿ, ಹೊಡೆಯುತ್ತಿದ್ದಾರೆ, ಬಂದು ಕರೆದುಕೊಂಡು ಹೋಗು ಎಂದು ಅತ್ತಿದ್ದಳು. ಕೇಸು ನಿಂತದ್ದೇ ಆ ಒಂದು ಮಾತಿನ ಮೇಲೆ. ಅದನ್ನು ವಿಜಯಪುರದ ಕೋರ್ಟಿನಲ್ಲಿ ಹೇಳುವ ತಾರೀಖು ಮರುದಿನವೇ ಇತ್ತು.

ಗೌತಮ ಹೇಳಿದ ಕೇಸು ಬೇರೆ. ಅವನು ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕಿದ್ದ. ಶಿವಾಜಿಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಆಟಕ್ಕೆ ಕೂತಾಗಷ್ಟೇ ಅವನಿಗೆ ಅಕ್ಕನ ಮುಖ ಕಣ್ಣಿಗೆ ಬರುತ್ತಿರಲಿಲ್ಲ. ಅದಕ್ಕೇ ತನ್ನದೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕೆಂದು ಎರಡು ವರ್ಷದಿಂದ ಒಂದೊಂದೇ ಸಾಮಾನು ಕೂಡಿಸುತ್ತ ಬಂದಿದ್ದ. ಎಲ್ಲ ಬಂದಿತ್ತು, ಅವನ್ನೆಲ್ಲ ಒಳಗೆ ಹಾಕಿ ಕೂಡಿಸುವ ಹೊರಗಿನ ಚೌಕಟ್ಟೊಂದು ಉಳಿದಿತ್ತು. ನಮ್ಮ ಅಂಗಡಿಯವರು ಅದಕ್ಕೆ ಕ್ಯಾಬಿನೆಟ್ ಅನ್ನುತ್ತಾರೆ. ಇವನು ಯೂಟ್ಯೂಬ್ ನೋಡಿ ಶಾಣ್ಯಾ ಆದವನು, ಕೇಸ್ ಎಂದೇ ಅನ್ನಬೇಕು. ಗಾಜಿನದು ತಗೋ, ಬಣ್ಣದ ಲೈಟು ಇರುವುದು ತಗೋ ಎಂದು ಶಿವಾಜಿ ಜೀವ ತಿನ್ನುತ್ತಿದ್ದ.

ಪರಸವ್ವ ಎದ್ದು ಬಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬೆಳೆದ ಮಗನನ್ನು ಬಾಯಿಬಿಟ್ಟು ಕೇಳುವ ರೂಢಿ ನಮ್ಮ ತಾಯಂದಿರಿಗೆ ಎಲ್ಲಿದೆ? ತಿಕ್ಕಿದ ತಪೇಲಿಯನ್ನೇ ಮತ್ತೆ ತಿಕ್ಕುತ್ತ ಕೂತಳು. ರಾಜಿಗೆ ಬಂದವರನ್ನು ಎರಡು ವರ್ಷ ಬಾಗಿಲಿಂದಲೇ ಓಡಿಸಿದ್ದಳು, ಒಮ್ಮೆ ಕಸಬರಿಗೆಯನ್ನೂ ಎತ್ತಿದ್ದಳು. ಮಗ ತನ್ನ ಬೆನ್ನಿಗಿದ್ದಾನೆಂದು ತಿಳಿದಿದ್ದಳು. ಈಗ ನೋಡಿದರೆ ಅವನಿಗೆ ಸಾಕಾಗಿದೆ, ತಾಯಿಯ ಮುಂದೆ ಹೇಳಲಾರದೆ ಗೆಳೆಯನ ಮುಂದೆ ಹೇಳುತ್ತಿದ್ದಾನೆ. ಸತ್ತವಳಂತೂ ಸತ್ತಳು, ಇದ್ದವನಾದರೂ ನೆಟ್ಟಗಿರಲಿ ಅಂದುಕೊಂಡಳು. ಬೆಳಿಗ್ಗೆ, ತಾರೀಖು ಮುಂದಕ್ಕೆ ಹೋಗಿದೆಯಂತೆ ಎಂದು ಮಗನಿಗೆ ಸುಳ್ಳು ಹೇಳಿದಳು. ತಾಯಿಯ ಜೊತೆ ಕೋರ್ಟಿಗೆ ಹೋಗಲೆಂದು ರಜೆ ಹಾಕಿದ್ದ ಗೌತಮ, ಹಾಗಾದರೆ ಪೇಟೆ ಕೆಲಸವನ್ನಾದರೂ ಮುಗಿಸೋಣವೆಂದು ವಿಜಯಪುರದ ಬಸ್ ಹತ್ತಿದ. ಅದರ ಹಿಂದೆ ಬಂದ ಬಸ್ಸಿಗೆ ಅವಳು ಕೋರ್ಟಿಗೆ ಹೋದಳು.

ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಗೌತಮ ಟೇಪು ಹಿಡಿದು ಒಂದೊಂದು ಕೇಸನ್ನೂ ಅಳೆದ. ಗ್ರಾಫಿಕ್ಸ್ ಕಾರ್ಡು ಉದ್ದ, ಸಣ್ಣದರಲ್ಲಿ ಕೂಡುವುದಿಲ್ಲ. ಗಾಜಿನದು ನೋಡಲು ಚಂದ, ಆದರೆ ನಮ್ಮ ಬಿಸಿಲಿಗೆ ಒಳಗೆಲ್ಲ ಬೆಂದುಹೋಗುತ್ತದೆ. ಕಡೆಗೆ ಮುಂದೆ ಜಾಲರಿ ಇದ್ದ, ತೆಳು ತಗಡಿನ, ಎಲ್ಲಕ್ಕಿಂತ ಸಸ್ತಾ ಒಂದನ್ನು ಆರಿಸಿದ. ಅಷ್ಟು ಖುಷಿ ಅವನಿಗೆ ಎರಡು ವರ್ಷದಲ್ಲಿ ಆಗಿರಲಿಲ್ಲ.

ಆ ಹೊತ್ತಿಗೆ ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಮಗಳು ಫೋನಿನಲ್ಲಿ ಏನಂದಳು ಎಂದು ಕೇಳುತ್ತಿದ್ದರು.

"ಆರಾಮ ಅದೇನಿ ಅಂದಳ್ರಿ," ಅಂದಳು ಪರಸವ್ವ.

ವಕೀಲರು ಮತ್ತೆ ಕೇಳಿದರು. ಅವಳು ಮತ್ತೆ ಅದನ್ನೇ ಅಂದಳು. ಹೊರಗೆ ಬಂದ ಮೇಲೆ ವಕೀಲರು ಸಿಟ್ಟಿನಿಂದ, ಒಮ್ಮೆ ಬರೆದುಕೊಂಡದ್ದು ಬರೆದುಕೊಂಡಂತೆ, ಇನ್ನು ಗಂಡನ ಮನೆಯವರು ಬಿಡುಗಡೆಯಾದರೆಂದೇ ತಿಳಿ ಎಂದು ಹೇಳಿ ಹೋದರು. ಅಳಿಯ ಅಜಿತ ಬಂದು ಕಾಲಿಗೆ ಬಿದ್ದ. ಅವಳು ಕಾಲು ಹಿಂದೆ ತೆಗೆದುಕೊಂಡಳು.

ಸಂಜೆ ಗೌತಮ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಅರಕೇರಿಯ ಮನೆಗೆ ಬಂದಾಗ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಹೋಗುವಾಗ ಉಡುವ ಸೀರೆ ಇನ್ನೂ ಮೈಮೇಲಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ.

"ಕೋರ್ಟಿಗಿ. ಮುಗಿಸಿ ಬಂದೇನ್ಯಪ್ಪಾ. ಫೋನಿನಾಗ ಅಕಿ ಏನೂ ಹೇಳಿಲ್ಲ ಅಂತ ಹೇಳಿಬಿಟ್ಟೆ. ನಿನ್ನಿ ನೀ ಶಿವಾಜಿಗಿ ಹೇಳೂದ ಕೇಳಿದ್ನಿ. ಕೇಸ್ ಸಾಕಾಗೇತಿ, ಸಸ್ತಾದಾಗ ಮುಗಿಸಿಬಿಡೂಣು ಅಂದ್ಯಲ್ಲ."

ಗೌತಮನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅಕ್ಕನನ್ನು ಎರಡನೇ ಸಲ ಬಾವಿಗೆ ದೂಡಿದವನು ತಾನೇ ಅನ್ನಿಸಿತು. ಅದು ಆ ಕೇಸಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾಯಿಯ ಮುಖ ನೋಡಿದ. ಆ ಮಾತು ಕೇಳಿದರೆ ಅವಳು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಹೌದಲ್ಲೋ? ನಿನಗ ಸಾಕಾಗಿತ್ತಲ್ಲ?" ಅವಳು ಮತ್ತೆ ಕೇಳಿದಳು.

"ಹೂಂ ಬೇ. ಸಾಕಾಗಿತ್ತು."

ಪರಸವ್ವನಿಗೆ ಸಮಾಧಾನವಾಯಿತು. ಏನಾದರೂ ಮಾತಾಡಬೇಕೆಂದು, ಅವನು ಇನ್ನೂ ಹೆಗಲಿಂದ ಇಳಿಸದೆ ನಿಂತಿದ್ದ ಪೆಟ್ಟಿಗೆಯ ಕಡೆ ಕೈ ಮಾಡಿದಳು.

"ಏನ್ ತಂದಿಯೋ ಅದು? ಏನಂತಾರ ಅದಕ್ಕ?"

ಗೌತಮ ಅದನ್ನು ಸಪ್ಪಳಾಗದಂತೆ ನೆಲಕ್ಕಿಟ್ಟ.

"ಡಬ್ಬಿ ಬೇ," ಅಂದ. "ಬರೇ ಡಬ್ಬಿ."