ಒಂಬತ್ತನೆಯ ಮಂಚದ ಬಳಿ ಅರ್ಧ ಗಂಟೆ

ವಾರ್ಡಿನ ಬಾಗಿಲಿನಿಂದ ಕಿತ್ತಳೆ ರಸದ ಲೋಟ ಮೊದಲು ಬಂತು. ಅದರ ಹಿಂದೆಯೇ ಮೂರನೆಯ ಅಭ್ಯರ್ಥಿ. ಲೋಟ ಖಾಲಿಯಾಗಿತ್ತು. ರಸವೆಲ್ಲ ಅವನ ಬಿಳಿ ಅಂಗಿಯ ಮೇಲಿತ್ತು.

"ಅದು ರೋಗಿ ಅಲ್ಲ ಸಿಸ್ಟರ್, ರೋಗ!" ಎಂದವನೇ ಮೆಟ್ಟಿಲಿಳಿದು ನಡೆದ.

ದೊಡ್ಡ ನರ್ಸಮ್ಮ ಪಟ್ಟಿಯಲ್ಲಿ ಇನ್ನೊಂದು ಅಡ್ಡಗೆರೆ ಎಳೆದಳು. ಆಸ್ಪತ್ರೆಯ ಪಾದ್ರಿ ಹುದ್ದೆಗೆ ಉಳಿದವನು ಒಬ್ಬನೇ: ಸಪ್ಲಿ ಪಾದ್ರಿ. ದೇವಶಾಸ್ತ್ರದ ಒಂದೊಂದು ಪರೀಕ್ಷೆಯನ್ನೂ ಸಪ್ಲಿಮೆಂಟರಿಯಲ್ಲೇ ದಾಟಿದವನಿಗೆ ಸಹಪಾಠಿಗಳು ಇಟ್ಟ ಹೆಸರು. ಹೆಸರಿಗೆ ತಕ್ಕಂತೆ ಬದುಕೂ ನಡೆದುಕೊಂಡಿತ್ತು. ಎಂಬತ್ತು ಜನರಿದ್ದ ಅವನ ಚರ್ಚಿನ ಸಭೆ ಕೊನೆಯ ಭಾನುವಾರ ಏಳಕ್ಕೆ ಇಳಿದಿತ್ತು. ಅದರಲ್ಲಿ ಎರಡು, ಸೋರುವ ಸೂರಿನ ಕೆಳಗಿಟ್ಟ ಬಕೆಟ್ಟುಗಳು. ಇದು ಆರನೆಯ ಸಂದರ್ಶನ. ಇದೂ ಕೈತಪ್ಪಿದರೆ ಪಾದ್ರಿಯ ಅಂಗಿ ಕಳಚಿಡುತ್ತೇನೆಂದು ಬಿಷಪ್ಪರಿಗೆ ಬರೆದುಕೊಟ್ಟಿದ್ದ.

"ಮೊದಲು ಒಂಬತ್ತನೇ ಮಂಚದ ಹತ್ರ ಅರ್ಧ ಗಂಟೆ ಕೂತ್ಕೊಳ್ಳಿ," ಎಂದಳು ನರ್ಸಮ್ಮ. "ಆರಿಸೋದು ನಮ್ಮ ಹಳೇ ಪಾದ್ರಿಗಳು. ಅವರ ಕಿವಿಯಿಂದ ಏನೂ ತಪ್ಪಿಸ್ಕೊಳ್ಳಲ್ಲ, ನೋಡ್ಕೊಳ್ಳಿ."

ಒಂಬತ್ತನೆಯ ಮಂಚದಲ್ಲಿ ಒಬ್ಬ ಮುದುಕ ಮಲಗಿದ್ದ. ಸೊಂಟದಿಂದ ಕೆಳಗೆ ಹೊದಿಕೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮೇಲೆ ಎಲ್ಲವೂ ಅಲುಗುತ್ತಿತ್ತು, ನಾಲಿಗೆ ಎಲ್ಲಕ್ಕಿಂತ ಹೆಚ್ಚು.

"ಬನ್ನಿ ಬನ್ನಿ. ಬೆನ್ನು ಮುರಿದವನ ಬೆನ್ನು ತಟ್ಟೋಕೆ ಬಂದ್ರಾ?"

ಸಪ್ಲಿ ಸ್ಟೂಲಿನ ಮೇಲೆ ಕುಳಿತ. ಮುದುಕ ಗಂಟಲು ಸರಿಪಡಿಸಿಕೊಂಡು ಬೆಳಗಿನ ಮೊದಲ ಅಭ್ಯರ್ಥಿಯಾದ. ದನಿಯಿಂದ ಜೇನು ತೊಟ್ಟಿಕ್ಕಿತು. "'ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡ್ತಾನೆ, ಮಗನೇ!' ನನಗೆ ಅರವತ್ತೆಂಟು ಕಣ್ರೀ. ಅವನಿಗೆ ಮೀಸೆ ಈಗ ಬರ್ತಿದೆ." ಆಮೇಲೆ ಮೂಗಿನಲ್ಲಿ ರಾಗ ಎಳೆದ. "ಎರಡನೆಯವನು, 'ಎಲ್ಲ ಕಳಕೊಂಡ್ರೂ ದೇವರನ್ನ ಬಿಡದ ಯೋಬನನ್ನು ನೋಡೀ...' ಅಂದ. ಅರ್ಧಕ್ಕೇ ವಚನ ಮರೆತ. ಅಧ್ಯಾಯದ ಸಮೇತ ನಾನೇ ಹೇಳಿಕೊಟ್ಟೆ. ಮೂರನೆಯವನು ಎಲ್ಲಾ ಒಳ್ಳೇದಕ್ಕೇ ಅಂದ. ರಸ ಚೆಲ್ಲಿದ್ದೂ ಒಳ್ಳೇದಕ್ಕೇ ಅಂದೆ."

ಸಪ್ಲಿಗೆ ನಗು ಬಂತು, ಬೆನ್ನಿಗೇ ಭಯವೂ ಬಂತು. ದೇವರ ವೈರಿಯಷ್ಟು ಚೆನ್ನಾಗಿ ಶಾಸ್ತ್ರ ಬಾಯಿಪಾಠ ಮಾಡುವವರು ಬೇರಾರೂ ಇಲ್ಲ.

"ಹೇಗಾಯ್ತು?" ಎಂದು ಕೇಳಿದ.

"ಈ ಆಸ್ಪತ್ರೆಯ ಪ್ರಾರ್ಥನಾ ಕೋಣೇಲಿ ಬಲ್ಬು ಹೋಗಿತ್ತು. ಹಾಕೋಕೆ ಏಣಿ ಹತ್ತಿದೆ. ಅವನ ಮನೆಗೆ ದೀಪ ಹಚ್ಚೋಕೆ ಹೋದವನನ್ನ ಅವನೇ ಕೆಡವಿದ. ಆಗ ಎಲ್ಲಿದ್ದ ನಿಮ್ಮ ದೇವರು? ಹೇಳಿ!"

ಎಲೆಕ್ಟ್ರಿಷಿಯನ್ ಇರಬೇಕು ಎಂದುಕೊಂಡ ಸಪ್ಲಿ. ಉತ್ತರಗಳು ನಾಲಿಗೆಯ ತುದಿಗೆ ಬಂದವು. ಎಲ್ಲವೂ ಪರೀಕ್ಷೆಯಲ್ಲಿ ಬರೆದಂಥವೇ. ನುಂಗಿಕೊಂಡ.

"ಗೊತ್ತಿಲ್ಲ."

"ಗೊತ್ತಿಲ್ಲದೋನಿಗೆ ಇಲ್ಲೇನು ಕೆಲಸ?"

"ನನ್ನ ಮಗಳು ಏಳು ವರ್ಷಕ್ಕೇ ಹೋದ್ಳು. ಜ್ವರ. ಮಣ್ಣು ಮಾಡುವಾಗ ಪ್ರಾರ್ಥನೆ ಹೇಳಬೇಕಾದೋನು ನಾನೇ. ನಡುವೆ ಪುಸ್ತಕ ಮುಚ್ಚಿ, ಯಾಕೆ ಅಂತ ಕಿರುಚಿದೆ. ಅವತ್ತಿಂದ ಸಭೆಯವರು ಒಬ್ಬೊಬ್ಬರಾಗಿ ಬರೋದು ಬಿಟ್ರು. ಹನ್ನೊಂದು ವರ್ಷ ಆಯ್ತು. ದಿನಾ ಕೇಳ್ತೀನಿ. ಉತ್ತರ ಇಲ್ಲ."

"ಮತ್ತೆ ಬಿಟ್ಟುಬಿಡೋದು ತಾನೇ? ಗೋಂದು ಹಚ್ಚಿದ ಹಾಗೆ ಯಾಕೆ ಅಂಟ್ಕೊಂಡಿದೀರಿ?"

"ಬಿಡಲ್ಲ ರೀ. ಅವನು ಬಾಯಿ ಬಿಡೋ ತನಕ ನಾನು ಅವನನ್ನ ಬಿಡಲ್ಲ." ಸಪ್ಲಿಯ ದನಿ ಏರಿತು. "ಮಗಳಿದ್ದಾಗ ಅವನ ವಿಷಯ ಮಾತಾಡ್ತಿದ್ದೆ, ಚೆನ್ನಾಗೇ ಮಾತಾಡ್ತಿದ್ದೆ. ಅವಳು ಹೋದ್ಮೇಲೆ ಅವನ ಜೊತೆ ಮಾತಾಡೋದು ಕಲಿತೆ. ಶಿಲುಬೆ ಮೇಲಿದ್ದವನೂ ಯಾಕೆ ಅಂತ್ಲೇ ಕೂಗಿದ್ದು. ಆದ್ರೆ ಅಪ್ಪನ ಕಡೆ ತಿರುಗೇ ಕೂಗಿದ."

ಮುದುಕ ಹೊದಿಕೆಯ ಅಂಚನ್ನು ಎದೆಗೆ ಎಳೆದುಕೊಂಡ. ಆಮೇಲೆ, "ಎದ್ದು ಹೋಗಿ," ಎಂದ. ಈ ಸಲ ಯಾರ ಅನುಕರಣೆಯೂ ಇರಲಿಲ್ಲ; ದನಿ ಅವನದೇ.

"ಹೋಗಲ್ಲ. ಇನ್ನೂ ಹದಿನೆಂಟು ನಿಮಿಷ ಇದೆ." ಸಪ್ಲಿ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದ. "ನೀವೂ ಕೇಳಿ. ಒಬ್ಬರು ಕೂಗೋದಕ್ಕಿಂತ ಇಬ್ಬರು ಕೂಗಿದ್ರೆ ಜೋರಾಗಿ ಕೇಳ್ಸುತ್ತೆ."

ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ಭುಜ ಅಲುಗತೊಡಗಿತು. ಎಂಟನೆಯ ಮಂಚದ ರೋಗಿ ಕೈ ಚಾಚಿ ಅವನ ತೋಳು ಹಿಡಿದುಕೊಂಡ, ಹಳೆಯ ಸಾಲವೊಂದನ್ನು ತೀರಿಸುವವನ ಹಾಗೆ. ಗಂಟೆ ಹೊಡೆಯುವವರೆಗೂ ಸಪ್ಲಿ ಅಲ್ಲೇ ಕುಳಿತಿದ್ದ.

ಹೊರಗೆ ಬಂದಾಗ ಅವನ ಮುಖ ಬಿಳುಚಿತ್ತು. "ಕೆಡಿಸಿಬಿಟ್ಟೆ ಸಿಸ್ಟರ್. ಪಾಪ, ಆ ಮನುಷ್ಯನ್ನ ಅಳಿಸಿಬಿಟ್ಟೆ. ಕೆಲಸ ಹೋದ್ರೆ ಹೋಗ್ಲಿ, ಹಳೇ ಪಾದ್ರಿಗಳ ಮುಂದೆಯೂ ಇದನ್ನೇ ಹೇಳ್ತೀನಿ. ಒಂದಕ್ಷರ ಬದಲಾಯಿಸಲ್ಲ. ಯಾವ ಕೋಣೇಲಿದಾರೆ?"

"ಅವರ ಮುಂದೆ ಆಗ್ಲೇ ಹೇಳಿ ಬಂದ್ರಲ್ಲ, ಒಂಬತ್ತನೇ ಮಂಚದ ಹತ್ರ," ಎಂದಳು ನರ್ಸಮ್ಮ. "ಏಣಿಯಿಂದ ಬಿದ್ದು ಐದು ತಿಂಗಳಾಯ್ತು, ಅವತ್ತಿಂದ ನಮ್ಮ ಹಳೇ ಪಾದ್ರಿಗಳು ತಮಗೊಬ್ಬ ಪಾದ್ರೀನ ಹುಡುಕ್ತಿದ್ರು."