ದೊಡ್ಡ ಟರ್ಬೊ

ಚಿಕ್ಕ ಟರ್ಬೊವನ್ನು ಬಿಚ್ಚಿ ಗೋಣಿತಾಟಿನ ಮೇಲಿಟ್ಟ ಗಳಿಗೆಯಿಂದಲೇ ದಯಾನಂದನಿಗೆ ಇರಿಸುಮುರಿಸು. ಮಾಡುತ್ತಿರುವುದು ತಪ್ಪು ಕೆಲಸ. ಬೇರೆಯವರಿಗೆ ತಿಳಿಯದಿದ್ದರೂ ಅವನಿಗೆ ತಿಳಿದಿತ್ತು, ಆದರೂ ಸ್ಪ್ಯಾನರ್ ಹಿಡಿದ ಕೈ ನಿಂತಿರಲಿಲ್ಲ.

ಕಾರು ಹುಳಿಯಾರಿನ ಸಿದ್ದಾರ್ಥನದು. ಅದರ ಇಂಜಿನ್ನನ್ನು ಎರಡು ವರ್ಷದಿಂದ ತಿದ್ದಿ ತೀಡಿ ಹದಕ್ಕೆ ತಂದವನು ತಿಪಟೂರಿನ ಈ ದಯಾನಂದ. ಹೋದ ವರ್ಷ ದಂಡಿನಶಿವರದ ಬೀಳುಹೊಲದ ರೇಸಿನಲ್ಲಿ ಅದೇ ಮೊದಲು ಬಂದಿತ್ತು. ಈಗ ಸಿದ್ದಾರ್ಥ ಎಲ್ಲಿಂದಲೋ ದೊಡ್ಡ ಟರ್ಬೊ ತರಿಸಿಕೊಂಡು ಬಂದಿದ್ದ.

"ಇದುನ್ನ ಹಾಕ್ಬುಡಣ್ಣ. ಈ ಸಲ ಗೆದ್ದೋನ್ನ ದೊಡ್ಡ ಟೀಮ್‌ನೋರು ಡ್ರೈವರಾಗಿ ಕರ್ಕೊಂಡೋಗ್ತಾರಂತೆ. ಸೂರ್ಯಪ್ರಕಾಶನೂ ಬತ್ತಾವ್ನೆ, ನಮ್ ಕಡೆಯೋನೇ. ಹೋದ್ಸಲ ಅವನಿಂದ ಕೂದಲೆಳೇಲಿ ತಪ್ಪಿಸ್ಕಂಡೆ. ನಾ ಗೆದ್ರೆ ಅಲ್ಲೂ ನೀನೇ ನನ್ ಮೆಕ್ಯಾನಿಕ್ಕು."

ಹದಿನೆಂಟು ವರ್ಷ ಕೊಬ್ಬರಿ ಲಾರಿಗಳ ಅಡಿಯಲ್ಲಿ ಮಲಗಿ ಎದ್ದವನಿಗೆ ಆ ಮಾತು ಸಾಕಾಗಿತ್ತು. ರಾತ್ರಿಯೆಲ್ಲ ಮಗ್ಗುಲು ಬದಲಿಸಿದ. ಆದರೆ ದೊಡ್ಡ ಟರ್ಬೊ ಅವನಿಗೆ ಒಪ್ಪಿಗೆಯಾಗಲಿಲ್ಲ. ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್ನಿಗೇ ಗಾಳಿ ತುರುಕುವ ಚಕ್ರ ಅದು. ಚಿಕ್ಕದಾದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಎದ್ದು ಕೂರುತ್ತದೆ. ದೊಡ್ಡದಕ್ಕೆ ಎಚ್ಚರವಾಗುವುದೇ ತಡ, ಎಚ್ಚರವಾದ ಮೇಲೆ ಹಿಡಿಯುವವರಿಲ್ಲ. ನೇರ ರಸ್ತೆಗೆ ಅದು ಸರಿ. ದಂಡಿನಶಿವರದ ಟ್ರ್ಯಾಕೋ, ತೆಂಗಿನ ಸಾಲುಗಳ ನಡುವೆ ಬರೀ ತಿರುವು. ಅದು ಕಣ್ಣು ಬಿಡುವಷ್ಟರಲ್ಲಿ ಮುಂದಿನ ತಿರುವು ಬಂದು ಬ್ರೇಕ್ ಒತ್ತಬೇಕು.

ಇದನ್ನು ಸಿದ್ದಾರ್ಥನಿಗೆ ಹೇಳಲೆಂದೇ ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡಿದ್ದ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು.

ಐವತ್ತು ದಾಟಿದ ವಯಸ್ಸು. ಬಸ್ಸಿಳಿದು ನಡೆದು ಬಂದ ಧೂಳು ಸೀರೆಯ ಅಂಚಿನಲ್ಲಿತ್ತು. ಗ್ಯಾರೇಜಿನ ಬಾಗಿಲಲ್ಲೇ ನಿಂತು ಕೆಂಪು ಕಾರನ್ನು ದಿಟ್ಟಿಸಿದರು. ಹತ್ತಿರ ಹೋಗಲಿಲ್ಲ. ಬಂದ ಹಿರಿಯರ ಹೆಸರು ಕೇಳುವುದು ಈ ಕಡೆ ಮರ್ಯಾದೆಯಲ್ಲ, ಊರು ಕೇಳುತ್ತಾರೆ.

"ಯಾವೂರಾಯ್ತಮ್ಮ?"

"ಹುಳಿಯಾರ್ ಕಡೆ ಕಣಪ್ಪ."

ದಯಾನಂದನಿಗೆ ಮುಂದಿನದನ್ನು ಕೇಳುವ ಅಗತ್ಯ ಕಾಣಲಿಲ್ಲ. ಸ್ಟೂಲ್ ಒರೆಸಿ ಕೊಟ್ಟ. ಆಕೆ ಕೂರಲಿಲ್ಲ.

"ನಂಗಿರೋನು ಒಬ್ನೇ ಮಗ. ಹೋದ್ವರ್ಷದಿಂದ ಊಟ ಇಲ್ಲ, ನಿದ್ದೆ ಇಲ್ಲ, ಇದೇ ಕಾರಿನ ಧ್ಯಾನ. ಭಾನುವಾರದ ರೇಸು ಅಂದ್ರೆ ನನ್ನೆದೆ ಹೊಡ್ಕತದೆ. ಈ ಕಾರು ಅಷ್ಟು ಜೋರಾಗಿ ಹೋಗ್ದಂಗೆ ಮಾಡಕ್ಕಾಗಲ್ವೇನಪ್ಪ?"

ದಯಾನಂದ ತಲೆ ತಗ್ಗಿಸಿದ. ನೊಣವಿನಕೆರೆ ತಿರುವಿನಲ್ಲಿ ಪಲ್ಟಿಯಾದ ಕಾರೊಂದಿತ್ತು. ಅದನ್ನೂ ಜೋರು ಮಾಡಿಕೊಟ್ಟವನು ಅವನೇ. ಆ ಹುಡುಗ ಇವತ್ತಿಗೂ ಕುಂಟುತ್ತಾನೆ. ಹುಡುಗನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ಇವನನ್ನು ನೋಡಿದ ನೋಟಕ್ಕೆ ಹೆದರಿ, ಅವನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದ.

"ಗಿರಾಕಿ ಕಾರು ನಾನು ಕೆಡಿಸಾಕಾಗಲ್ಲ ಕಣಮ್ಮ," ಎಂದ. ಮನಸ್ಸು ತಡೆಯದೆ, ದೊಡ್ಡ ಟರ್ಬೊ ಇದ್ದ ಪೆಟ್ಟಿಗೆ ತೋರಿಸಿ ಎರಡು ಟರ್ಬೊಗಳ ವ್ಯತ್ಯಾಸವನ್ನೂ ಬಿಡಿಸಿ ಹೇಳಿದ.

ಆಕೆ ಗಮನವಿಟ್ಟು ಕೇಳಿದರು. "ಅಂಗಾದ್ರೆ ದೊಡ್ಡದು ಹಾಕಿದ್ರೆ ಅಲ್ಲಿ ನಿಧಾನವಾಯ್ತದೆ."

"ಹೂಂ."

"ಕೇಳಿರೋದೂ ಅದ್ನೇ ಅಲ್ವಾ? ಕೇಳಿದ್ದ ಹಾಕ್ಕೊಡಪ್ಪ. ಅದ್ರಾಗೆ ಮೋಸ ಏನೈತೆ? ನಾ ಬಂದಿದ್ದು ಆ ಹುಡುಗನಿಗೆ ಗೊತ್ತಾಗೋದು ಬ್ಯಾಡ." ಕೈ ಮುಗಿದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಸ್ ಸ್ಟ್ಯಾಂಡಿನ ಕಡೆ ಅವರು ಮರೆಯಾದ ಮೇಲೆ ದಯಾನಂದ ಫೋನನ್ನು ಜೇಬಿಗಿಳಿಸಿದ. ಸ್ಪ್ಯಾನರ್ ಎತ್ತಿಕೊಂಡ.

ಶುಕ್ರವಾರ ಸಿದ್ದಾರ್ಥ ಬಂದು ಹುಳಿಯಾರ್ ರಸ್ತೆಯ ನೇರದಲ್ಲಿ ಕಾರು ಓಡಿಸಿ ನೋಡಿದ. ಬಾಣದ ಹಾಗೆ ಹೋಯಿತು. "ಮೈ ಜುಂ ಅಂತದಣ್ಣ," ಎಂದು ತಬ್ಬಿಕೊಂಡ. ಹೇಳಿಬಿಡೋಣವೆಂದು ದಯಾನಂದನ ನಾಲಿಗೆ ತುದಿಗೆ ಬಂತು. ಚಿಕ್ಕದನ್ನು ಮತ್ತೆ ಕೂರಿಸಲು ಇನ್ನೂ ಒಂದು ದಿನ ಬಾಕಿಯಿತ್ತು. "ತಿರುವಲ್ಲಿ ಹುಷಾರಪ್ಪ," ಎಂದಷ್ಟೇ ಹೇಳಿದ. ತನ್ನ ಭವಿಷ್ಯಕ್ಕೆ ತಾನೇ ಕಲ್ಲು ಹಾಕಿಕೊಂಡದ್ದಕ್ಕೆ ಅಳುವೂ ಬಂತು. ಒಬ್ಬ ತಾಯಿಯ ಹೊಟ್ಟೆ ತಣ್ಣಗಿರಲಿ ಎಂದು ಸಮಾಧಾನ ಮಾಡಿಕೊಂಡ.

ಭಾನುವಾರ ಅವನೆಣಿಸಿದ ಹಾಗೆಯೇ ಆಯಿತು. ಪ್ರತಿ ತಿರುವಿನಿಂದ ಹೊರಬರುವಾಗಲೂ ಕೆಂಪು ಕಾರು ಉಸಿರು ಕಟ್ಟಿದಂತೆ ತಡವರಿಸಿತು. ಅದು ವೇಗ ಹಿಡಿಯುವಷ್ಟರಲ್ಲಿ ಸೂರ್ಯಪ್ರಕಾಶನ ಕಾರು ಮುಂದಿನ ತಿರುವಿನಲ್ಲಿರುತ್ತಿತ್ತು. ಕೊನೆಗೆ ನಾಲ್ಕು ಕಾರುಗಳ ಉದ್ದದಷ್ಟು ಅಂತರದಲ್ಲಿ ಸೋತಿತು. ಟೀಮಿನವರು ಸೂರ್ಯಪ್ರಕಾಶನ ಕೈ ಕುಲುಕಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಸಿದ್ದಾರ್ಥ ಹೆಲ್ಮೆಟ್ ತೆಗೆದು ಬಾನೆಟ್ಟಿನ ಮೇಲೆ ತಲೆಯಿಟ್ಟ. ಭುಜ ಅದುರುತ್ತಿತ್ತು. ದಯಾನಂದ ಅವನ ಬಳಿಗೆ ಬಂದ. ಅಷ್ಟರಲ್ಲಿ ಹಗ್ಗದಾಚೆ ಆಕೆ ಕಂಡರು. ಕಣ್ತುಂಬ ನೀರು, ಮುಖದ ತುಂಬ ನೆಮ್ಮದಿ. ದೂರದಿಂದಲೇ ಇವನಿಗೆ ಕೈ ಮುಗಿದರು. ಎಷ್ಟೋ ದಿನಗಳ ಮೇಲೆ ದಯಾನಂದನ ಎದೆ ಹಗುರಾಯಿತು.

"ಅಳ್ಬೇಡ ಕಣ್ಲಾ," ಎಂದು ಸಿದ್ದಾರ್ಥನ ಬೆನ್ನು ಸವರಿದ. "ಅಲ್ನೋಡು, ನಿಮ್ಮಮ್ಮ ಬಂದವ್ರೆ. ನೀನು ಸುಖವಾಗಿ ಇಳಿದ್ಯಲ್ಲ ಅಂತ ಅವರ ಜೀವಕ್ಕೆ ಎಷ್ಟು ಸಮಾಧಾನವಾಗೈತೆ. ಹೋಗು, ಮಾತಾಡ್ಸು."

ಸಿದ್ದಾರ್ಥ ತಲೆಯೆತ್ತಿ, ಕಣ್ಣೊರೆಸಿಕೊಂಡು ಆ ಕಡೆ ನೋಡಿದ.

"ನಮ್ಮಮ್ಮ ಎಲ್ಲಿ ಬಂದವ್ಳಣ್ಣ? ಅವ್ರು ಸೂರ್ಯಪ್ರಕಾಶನ ತಾಯಿ."