ಗೆರೆ ಮೇಲೆ ಪೂಲಜ್ಜಿ

ಪೂಲಜ್ಜಿ ಮತ್ತೆ ಬಂದು ಸರಿಯಾಗಿ ಆ ಗೆರೆ ಮೇಲೇ ನಿಂತ್ಲು.

"ದೊಡ್ಡಮ್ಮಾ, ನಾಲ್ಕನೇ ಸಲ ಹೇಳ್ತಿದೀನಿ," ಲುಸಾಮಾ ಹಲ್ಲು ಕಚ್ಚಿದ. "ಇದು ನನ್ನ ನೂರು ಮೀಟರ್ ಓಟ ಮುಗಿಯೋ ಗೆರೆ. ಬೆಳಿಗ್ಗೆ ಎದ್ದು ಸುಣ್ಣ ಹಾಕಿದೀನಿ. ಇಷ್ಟುದ್ದ ರನ್‌ವೇ ಬಿದ್ದಿದೆಯಲ್ಲ, ನಿಮ್ಮ ಆಟಕ್ಕೆ ಇದೇ ಜಾಗ ಬೇಕಾ?"

"ನಿನಗೆ ಮೀಸೆ ಬರೋಕ್ಕೆ ಮುಂಚಿಂದ ನಾನು ಇಲ್ಲೇ ನಿಂತು ಚೆಂಡು ಹೊಡೀತಿದೀನಿ ಕಣೋ. ಸುಣ್ಣ ನಿಂದು, ಜಾಗ ನಂದು," ಅಂತ ಒಂದೇ ಏಟಿಗೆ ಡೈಲಾಗ್ ಮುಗಿಸಿದ ಅಜ್ಜಿ, ಕೇದಿಗೆ ಗರಿಯಲ್ಲಿ ಹೆಣೆದ ಚೆಂಡನ್ನ ಎತ್ತಿ ಆಚೆ ತಂಡದ ಹೆಂಗಸರ ಮೇಲೆ ಬೀಸಿದ್ಲು. ಚೆಂಡು ನೆಲಕ್ಕೆ ಬಿತ್ತು. ಹೋ ಅಂತ ಕಿರುಚಾಟ. ಒಂಬತ್ತು-ಒಂಬತ್ತು. ಆನೋ ಆಟದಲ್ಲಿ ಹತ್ತು ಆದ್ರೆ ಗೆದ್ದಂಗೆ.

ಕೋಚ್ ಲುಸಾಮಾನ ಗೋಳು ಬೇರೆ. ದ್ವೀಪಗಳ ಕ್ರೀಡಾಕೂಟಕ್ಕೆ ಪುಟ್ಟ ತುವಾಲು ದೇಶದಿಂದ ಒಬ್ಬಳೇ ಓಟಗಾರ್ತಿ, ಅವಳ ಜೊತೆಗೆ ಒಬ್ಬರೇ. ಹದಿಮೂರು ಸೆಕೆಂಡ್ ಒಳಗೆ ಓಡಿದ ಲೆಕ್ಕ ಅರ್ಜಿ ಮೇಲೆ ಬರ್ದು ಇವತ್ತಿನ ವಿಮಾನಕ್ಕೆ ಕೊಡಬೇಕು, ಮುಂದಿನ ವಿಮಾನದ ಹೊತ್ತಿಗೆ ಅರ್ಜಿ ತಗೊಳ್ಳೋದು ನಿಲ್ಲಿಸಿರ್ತಾರೆ. ಜೊತೆಗೆ ಹೋಗುವವರ ಜಾಗದಲ್ಲಿ ತನ್ನ ಹೆಸರನ್ನ ಲುಸಾಮಾ ಹೋದ ವಾರವೇ ದುಂಡಗೆ ಬರ್ದಿಟ್ಟಿದ್ದ. ಬಾವುಟದ ಹಿಂದೆ ನಡೆಯೋಕ್ಕೆ ನೀಲಿ ಕೋಟೂ ಹೊಲಿಸಿಟ್ಟಿದ್ದ. ಬಾಕಿ ಇದ್ದಿದ್ದು ಓಡೋದು ಮಾತ್ರ, ಅದೇ ಆಗ್ತಿರಲಿಲ್ಲ. ಪೂಲಜ್ಜಿಯ ಮೊಮ್ಮಗಳು ಸೈನಿ ಮಧ್ಯಾಹ್ನದಿಂದ ಓಡಿದ್ದು ಹದಿಮೂರೂವರೆ, ಹದಿಮೂರು ಮುಕ್ಕಾಲು, ಆಮೇಲೆ ಹದಿನಾಲ್ಕು. ವಿಮಾನ ಇಲ್ಲದ ಹೊತ್ತಲ್ಲಿ ರನ್‌ವೇನೇ ಊರಿಗೆಲ್ಲ ಮೈದಾನ. ಒಂದು ಸಲ ಹಂದಿ ಅಡ್ಡ ಬಂತು. ಇನ್ನೊಂದು ಸಲ ಯಾರೋ ಸ್ಕೂಟರ್ ನಿಲ್ಲಿಸಿ ಅವಳ ಹತ್ರ ಮೀನಿನ ರೇಟು ವಿಚಾರಿಸಿದ್ರು. ಆ ಹುಡುಗಿ ನಿಂತು ಹೇಳಿದ್ಲು ಕೂಡ!

"ಸೈನೀ!" ಗೆರೆ ಹತ್ರ ನಿಂತೇ ಲುಸಾಮಾ ಕೂಗಿದ. "ಇದೇ ಕೊನೇದು! ತುಂಬಿದ ಕೊಡ ಹೊತ್ಕೊಂಡಂಗೆ ಬಂದ್ರೆ ಸ್ಟಾಪ್‌ವಾಚ್ ಸಮುದ್ರಕ್ಕೆ ಎಸೀತೀನಿ!"

"ಸರಿ ಮಾಮಾ!" ನೂರು ಮೀಟರ್ ಆಚೆಯಿಂದ ಸೈನಿ ಆಕಳಿಸ್ತಾ ಕೈ ಬೀಸಿದ್ಲು.

ಅವನು ಕೈ ಮೇಲೆತ್ತಿದ. ವಿಮಾನ ಬರ್ತಿದೆ ಅಂತ ಸೈರನ್ ಕೂಗ್ತು.

ಎರಡೇ ನಿಮಿಷಕ್ಕೆ ರನ್‌ವೇ ಖಾಲಿ. ವಾಲಿಬಾಲ್ ನೆಟ್ಟು ಹೋಯ್ತು, ನಾಯಿ ಹೋಯ್ತು, ಹಂದಿ ಹೋಯ್ತು, ಚಾಪೆ ಸುತ್ಕೊಂಡು ಆನೋ ಹೆಂಗಸರೂ ಹೋದ್ರು. ಉಳಿದಿದ್ದು ಗೆರೆ ಮೇಲೆ ಇಬ್ಬರೇ. ಕೈ ಎತ್ತಿದ ಲುಸಾಮಾ, ಚೆಂಡು ಎತ್ತಿದ ಪೂಲಜ್ಜಿ.

"ಹೋಗಿ ದೊಡ್ಡಮ್ಮಾ, ವಿಮಾನ ಬರುತ್ತೆ!"

"ನೀನ್ ಹೋಗು. ನಾನ್ ಹೋದ್ರೆ ಸೋತು ಓಡಿದ್ಲು ಅಂತಾರೆ. ಅವರು ವಾಪಸ್ ಬರೋವರೆಗೂ ಇಲ್ಲೇ ಇರ್ತೀನಿ."

"ಅಯ್ಯೋ, ವಿಮಾನದ ಹತ್ರ ಹಠ ಮಾಡ್ತೀರಾ?"

"ವಿಮಾನಕ್ಕೆ ಕಣ್ಣಿಲ್ವಾ? ಸುತ್ಕೊಂಡು ಹೋಗ್ಲಿ!"

ಎರಡನೇ ಸೈರನ್. ಅಂಚಲ್ಲಿ ಪೊಲೀಸಪ್ಪ ಸೀಟಿ ಊದಿ ಊದಿ ಕೆಂಪಗಾಗಿದ್ದ. ದೂರದ ಮೋಡದಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು. ಲುಸಾಮಾ ತಲೆ ಕೆಟ್ಟು ಕೈ ಕೆಳಗೆ ಬೀಸಿದ, ವಾಚ್ ಒತ್ತಿದ. "ಓಡೇ!"

ಆ ಕಡೆಯಿಂದ ಸೈನಿ ಬಂದ ರೀತಿ ಇದೆಯಲ್ಲ, ಅದಕ್ಕೆ ಹಿನ್ನೆಲೆ ಸಂಗೀತ ಒಂದು ಕಡಿಮೆ. ಆಕಳಿಕೆ ಎಲ್ಲಿ ಹೋಯ್ತೋ! ಕಣ್ಣು ಅಜ್ಜಿ ಮೇಲೆ, ಬಾಯಲ್ಲಿ ಬೈಗುಳ, ಕಾಲು ನೆಲದ ಮೇಲಿತ್ತೋ ಇಲ್ವೋ ದೇವರಿಗೇ ಗೊತ್ತು. ಗೆರೆ ದಾಟ್ತಾ ದಾಟ್ತಾನೇ ಅಜ್ಜಿ ಕೈಯಿಂದ ಚೆಂಡು ಕಿತ್ಕೊಂಡು ಹುಲ್ಲಿನ ಕಡೆ ನುಗ್ಗಿದ್ಲು. "ಏಯ್ ಕಳ್ಳೀ!" ಅಂತ ಅಜ್ಜಿ ಅವಳ ಹಿಂದೆ. ವಾಚ್ ಒತ್ತಿ ನಿಲ್ಲಿಸಿ ಅಜ್ಜಿ ಹಿಂದೆ ಲುಸಾಮಾ.

ಹುಲ್ಲಲ್ಲಿ ಕುಸಿದು ವಾಚ್ ನೋಡಿದ. ಹನ್ನೆರಡು ಪಾಯಿಂಟ್ ಆರು. ಕಣ್ಣುಜ್ಜಿ ಮತ್ತೆ ನೋಡಿದ, ಅಷ್ಟೇ ಇತ್ತು. ವಿಮಾನ ಧೂಳೆಬ್ಬಿಸ್ತಾ ಅವನ ಸುಣ್ಣದ ಗೆರೆ ಮೇಲೆ ಹಾದು ಹೋಯ್ತು.

"ಇಷ್ಟು ಹೊತ್ತು ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ, ಮಾರಾಯ್ತಿ?"

"ಏನ್ ಮಾಡ್ಲಿ ಮಾಮಾ," ಸೈನಿ ಏದುಸಿರು ಬಿಡ್ತಾ ನಕ್ಕಳು. "ಪಕ್ಕದಲ್ಲಿ ಓಡೋರು ಯಾರೂ ಇಲ್ಲ. ಆ ತುದೀಲಿ ನೋಡಿದ್ರೆ ನೀವು, ನಿಮ್ಮ ವಾಚು. ಅದಕ್ಕೋಸ್ಕರ ಯಾಕೆ ಸಾಯ್ಲಿ ಅನ್ಸೋದು. ಈ ಸಲ ಅಜ್ಜಿಗೋಸ್ಕರ ಓಡಿದೆ." ಆಮೇಲೆ ಮೆಲ್ಲಗೆ ಕೇಳಿದ್ಲು, "ಅಲ್ಲಿ ಸ್ಟೇಡಿಯಂನಲ್ಲಿ ಆ ತುದೀಲಿ ಯಾರ್ ಇರ್ತಾರೆ?"

"ನಾನಿರ್ತೀನಲ್ಲೇ!"

ಸೈನಿ ತಲೆ ತಗ್ಗಿಸಿ ಚೆಂಡಿನ ಗರಿ ಕೀಳ್ತಾ ಕೂತ್ಲು.

ಲುಸಾಮಾ ಅರ್ಜಿ ತೆಗೆದು 12.6 ಅಂತ ಬರ್ದ. ಕೆಳಗೆ ಅವನದೇ ಹೆಸರು ದುಂಡಗೆ ನಗ್ತಿತ್ತು. ಆ ಹೆಸರನ್ನೇ ನೋಡ್ತಾ ಕೂತ. ಆಮೇಲೆ ಮನಸಲ್ಲೇ ಕೋಟಿಗೆ, ಅಜ್ಜಿಗೆ, ಹುಡುಗಿಗೆ, ಇಡೀ ದ್ವೀಪಕ್ಕೆ ಬೈದು, ಹೆಸರು ಹೊಡೆದುಹಾಕಿ ಪಕ್ಕದಲ್ಲಿ "ಪೂಲಾ" ಅಂತ ಗೀಚಿ, ಕಾಗದ ಅಜ್ಜಿ ಮುಂದೆ ಹಿಡಿದ.

"ಸೈನ್ ಹಾಕಿ ದೊಡ್ಡಮ್ಮಾ. ಮೊಮ್ಮಗಳ ಜೊತೆ ನೀವು ಹೋಗ್ತಿದೀರ. ಗೆರೆ ಹತ್ರ ನಿಲ್ಲೋದು, ಅಷ್ಟೇ ಕೆಲಸ."

ಅಜ್ಜಿ ಕಾಗದ ನೋಡ್ಲಿಲ್ಲ. ಅವಳ ಕಣ್ಣು ರನ್‌ವೇ ಮೇಲೆ ಜನ ಇಳಿಸ್ತಿದ್ದ ವಿಮಾನದ ಮೇಲಿತ್ತು.

"ಅದೆಲ್ಲ ಆಮೇಲೆ," ಅಂದ್ಲು. "ಮೊದ್ಲು ಅದನ್ನ ಬೇಗ ಹೊರಡಿಸೋ. ಒಂದು ಪಾಯಿಂಟ್ ಬಾಕಿ ಇದೆ."